ಬಾಣಂತಿ ಕೋಣೆಯ ಜಾಲರಿ ಬಾಗಿಲು

ಹೊಸದಾಗಿ ಮನೆ ಕಟ್ಟಿಸುವವರು ಈಗಲೂ ನನ್ನನ್ನು ಕೇಳುತ್ತಾರೆ. ಬೇಕೆಂದಾಗ ಎಳೆದುಕೊಳ್ಳುವ, ಬಿಟ್ಟರೆ ತಾನೇ ಸುರುಳಿ ಸುತ್ತಿಕೊಂಡು ಪಕ್ಕದ ಡಬ್ಬಿಯೊಳಗೆ ಸೇರಿಕೊಳ್ಳುವ ಸೊಳ್ಳೆ ಜಾಲರಿಯನ್ನು ಬಾಗಿಲಿಗೆ ಹಾಕಿಸಬಹುದೇ? ಕೊಟ್ಟ ದುಡ್ಡಿಗೆ ಮೋಸವಿಲ್ಲವೇ? ನಾನು ವಿಜ್ಞಾನ ಓದಿದವಳು, ಶಾಲೆಯಲ್ಲಿ ಅದನ್ನೇ ಕಲಿಸುವವಳು, ನಮ್ಮ ಬೀದಿಯಲ್ಲಿ ಅಂಥದ್ದನ್ನು ಎಲ್ಲರಿಗಿಂತ ಮೊದಲು ಹಾಕಿಸಿದವಳು. ಅದಕ್ಕೇ ಕೇಳುತ್ತಾರೆ. ಕೇಳಿದ ಕೂಡಲೇ ನನ್ನ ಮೂಗಿಗೆ ಸುಟ್ಟ ನೈಲಾನಿನ ವಾಸನೆ ಬಡಿಯುತ್ತದೆ. ಬೇಡ ಎಂದಷ್ಟೇ ಹೇಳಿ ಮಾತು ಬದಲಿಸುತ್ತೇನೆ. ಯಾಕೆ ಬೇಡ ಎನ್ನುವುದನ್ನು ನಿಂತ ನಿಲುವಿನಲ್ಲಿ ಹೇಳಲು ಆಗುವುದಿಲ್ಲ.

ಹಿಂದೂಪುರದಲ್ಲಿ ನಮ್ಮ ಮನೆ ಇದ್ದದ್ದು ರೇಷ್ಮೆ ನೂಲು ಬಿಚ್ಚುವ ಶೆಡ್ಡುಗಳ ಹಿಂದಿನ ಬೀದಿಯಲ್ಲಿ. ಗೂಡುಗಳನ್ನು ಕುದಿನೀರಿನಲ್ಲಿ ಬೇಯಿಸಿ ನೂಲು ತೆಗೆದ ಮೇಲೆ ಒಳಗಿನ ಹುಳು ಉಳಿಯುತ್ತದಲ್ಲ, ಕಂದು ಬಣ್ಣದ, ಬೆರಳ ತುದಿಯಷ್ಟು ಉದ್ದದ, ಬೆಂದು ಮೆತ್ತಗಾದ ಹುಳು, ಅದನ್ನು ಶೆಡ್ಡಿನವರು ಬೀದಿಯಲ್ಲೇ ಗೋಣಿಚೀಲಗಳ ಮೇಲೆ ಹರವಿ ಒಣಗಿಸುತ್ತಿದ್ದರು. ಎಣ್ಣೆ ತೆಗೆಯುವವರು ಬಂದು ಒಯ್ಯುವವರೆಗೆ ಅದು ಅಲ್ಲೇ ಕೊಳೆಯುತ್ತಿತ್ತು. ಆ ನಾತವನ್ನು ಹೇಗೆ ಹೇಳಲಿ? ಸತ್ತ ಇಲಿಯ ಪಕ್ಕದಲ್ಲಿ ಯಾರೋ ಮೀನು ಹುರಿಯುತ್ತಿದ್ದ ಹಾಗೆ. ಒಗೆದ ಬಟ್ಟೆಯಲ್ಲಿ, ತಲೆಗೂದಲಲ್ಲಿ, ಕುಡಿಯುವ ನೀರಿನಲ್ಲಿ ಅದೇ ನಾತ. ನಾತದ ಹಿಂದೆ ನೊಣಗಳು. ಅನ್ನದ ಮೇಲೆ ಕೂತವನ್ನು ಕೈಬೀಸಿ ಓಡಿಸುವುದು ನಮಗೆ ಉಸಿರಾಟದಷ್ಟೇ ರೂಢಿಯಾಗಿತ್ತು. ಮನೆಗೆ ಬಂದ ನೆಂಟರಿಗೆ ಮಾತ್ರ ಒಂದು ತುತ್ತು ಬಾಯಿಗೆ ಹೋಗುತ್ತಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಕಲ್ಯಾಣದುರ್ಗಕ್ಕೆ ಕೊಟ್ಟಿದ್ದ ಅಕ್ಕ ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ಬಂದಳು. ಕೀಲು ಕೀಲು ಹಿಡಿದುಕೊಳ್ಳುವ ಜ್ವರ ನಮ್ಮ ಸೀಮೆಯಲ್ಲೆಲ್ಲ ಹರಡಿ, ಗಟ್ಟಿಮುಟ್ಟಾದ ಗಂಡಸರೂ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದ ವರ್ಷ ಅದು. ಹೆಣ್ಣು ಕೂಸು ಹುಟ್ಟಿತು. ಅಮ್ಮ ಒಳಕೋಣೆಯನ್ನು ಬಾಣಂತಿಗೆ ಬಿಟ್ಟುಕೊಟ್ಟು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು.

ತಾಯಿಗೂ ಕೂಸಿಗೂ ನೀರು ಹಾಕಲು ಲೇಪಾಕ್ಷಿ ಕಡೆಯ ಹಳ್ಳಿಯಿಂದ ಒಬ್ಬ ಅಜ್ಜಿ ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ನನ್ನನ್ನೂ ಅಕ್ಕನನ್ನೂ ಕಾಲ ಮೇಲೆ ಹಾಕಿಕೊಂಡು ಎರೆದವಳು ಅವಳೇ. ಒಂದು ಕಣ್ಣಿಗೆ ಪೊರೆ ಬಂದಿತ್ತು. ಆದರೆ ಕೂಸಿನ ಕುತ್ತಿಗೆಯ ಮಡಿಕೆಯಲ್ಲಿ ಉಳಿದ ಕಡಲೆಹಿಟ್ಟು ಅವಳ ಬೆರಳಿಗೆ ತಪ್ಪಿಸಿಕೊಳ್ಳುತ್ತಿರಲಿಲ್ಲ. ನೀರು ಹಾಕಿದ ಮೇಲೆ ಅಡುಗೆಮನೆಯಿಂದ ತೆಂಗಿನ ಚಿಪ್ಪಿನ ಕೆಂಡವನ್ನು ಕಬ್ಬಿಣದ ಬಾಂಡ್ಲಿಯಲ್ಲಿ ತಂದು, ಸಾಂಬ್ರಾಣಿ ಉದುರಿಸಿ, ಕೂಸಿಗೆ ಹೊಗೆ ತೋರಿಸಿ, ಅಕ್ಕನ ಒದ್ದೆ ಕೂದಲನ್ನು ಅದೇ ಹೊಗೆಯಲ್ಲಿ ಒಣಗಿಸುವುದು ಅವಳ ಕ್ರಮ.

ಏಳನೆಯ ದಿನವೋ ಎಂಟನೆಯ ದಿನವೋ ನಾನು ಕೋಣೆಗೆ ಹೋದಾಗ ಅಕ್ಕ ನಿದ್ದೆ ಹೋಗಿದ್ದಳು. ಕೂಸಿನ ಹೊಕ್ಕುಳಲ್ಲಿ ಇನ್ನೂ ಉದುರದ, ಕಪ್ಪಗೆ ಒಣಗಿದ ಬಳ್ಳಿಯ ಚೂರಿತ್ತು. ಅದರ ಸುತ್ತ ನೊಣಗಳು. ಒಂದೆರಡಲ್ಲ. ಒಂದು ತನ್ನ ಮುಂಗಾಲುಗಳನ್ನು ಉಜ್ಜಿಕೊಳ್ಳುತ್ತಾ, ಊಟಕ್ಕೆ ಕೈ ತೊಳೆದು ಕೂತವರ ಹಾಗೆ ಕೂತಿತ್ತು. ಬೀದಿಯಲ್ಲಿ ಕೊಳೆತ ಹುಳುವಿನ ಮೇಲೆ ಕೂತದ್ದೇ ಇಲ್ಲಿ ಬಂದು ಕೂತಿದೆ ಎಂದು ಮೈ ಜುಮ್ಮೆಂದಿತು. ಓಡಿಸಿದರೆ ತುಟಿಯ ಮೇಲೆ ಕೂತವು. ಅವತ್ತೇ ನಿರ್ಧರಿಸಿದೆ, ಈ ಕೋಣೆಯೊಳಗೆ ಇನ್ನು ಒಂದು ನೊಣವೂ ಬರಕೂಡದು.

ಅಲ್ಯೂಮಿನಿಯಂ ಬಾಗಿಲು, ಕಿಟಕಿ ಮಾಡುವವನೊಬ್ಬ ಪೆನುಕೊಂಡ ರಸ್ತೆಯಲ್ಲಿ ಅಂಗಡಿ ಇಟ್ಟಿದ್ದ. ಬಂದು ಅಳತೆ ತೆಗೆದ.

"ಕಂಪ್ನಿ ಜಾಲರಿ ಅಂದ್ರೆ ಬೆಂಗ್ಳೂರಿಂದ ಬರ್ಬೇಕಮ್ಮ. ಅದು ಬರೋ ಹೊತ್ಗೆ ಕೂಸು ಎದ್ದು ಇಸ್ಕೂಲಿಗೆ ಹೋಯ್ತದೆ" ಎಂದು ನಕ್ಕ. "ಡಬ್ಬಿ, ಸ್ಪ್ರಿಂಗು, ಹಿಡಿ ಎಲ್ಲಾ ನನ್ತಾವ ಐತೆ. ಜಾಲರಿ ಒಂದು ಹುಳುಮನೇದು ಹಾಕ್ಬುಡ್ತೀನಿ."

"ಹುಳುಮನೇದಾ?"

"ಊಂ ಕಣಮ್ಮ. ಊಜಿ ನೊಣಾನೇ ನುಗ್ಗಕ್ಕಾಗಲ್ಲ ಅದ್ರಾಗೆ. ಇನ್ನ ಈ ಬೀದಿ ನೊಣ ಯಾವ ಲೆಕ್ಕ? ಏಮೀ ಕಾದು, ಧೈರ್ಯಂಗಾ ಉಂಡಂಡಿ" ಎಂದು ಕೊನೆಗೆ ತೆಲುಗಿನಲ್ಲಿ ಧೈರ್ಯ ಹೇಳಿದ.

ರೇಷ್ಮೆ ಸಾಕುವವರಿಗೆ ಊಜಿ ನೊಣವೆಂದರೆ ಯಮ. ಅದು ಹುಳುವಿನ ಮೈಮೇಲೆ ಮೊಟ್ಟೆ ಇಟ್ಟರೆ ಮರಿ ಒಳಗೆ ಕೊರೆದುಕೊಂಡು ಹೋಗಿ ಹುಳುವನ್ನು ಜೀವಂತ ತಿನ್ನುತ್ತದೆ. ಅದಕ್ಕೇ ನಮ್ಮ ಕಡೆ ಹುಳು ಸಾಕುವ ಮನೆಯ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಜಾಲರಿ ಬಿಗಿದಿರುತ್ತಾರೆ. ಹುಳುವನ್ನೇ ಕಾಯುವುದು ಕೂಸನ್ನು ಕಾಯದೇ ಎಂದು ನನಗನ್ನಿಸಿತು. ನಮ್ಮೂರಿನಲ್ಲಿ ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು. ಹುಳುವಿಗೆ ಯಾರೂ ಸಾಂಬ್ರಾಣಿ ಹಾಕುವುದಿಲ್ಲ ಎಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ, ಬಿ.ಎಸ್ಸಿ. ಓದಿದ ನನಗೂ.

ಬಾಗಿಲ ಎಡಗಡೆ ಚೌಕಟ್ಟಿಗೆ ಉದ್ದನೆಯ ಡಬ್ಬಿ. ಅದರೊಳಗೆ ಸ್ಪ್ರಿಂಗಿನ ಸುರುಳಿ. ಹಿಡಿ ಹಿಡಿದು ಬಲಕ್ಕೆ ಎಳೆದರೆ ಜಾಲರಿ ಬಿಚ್ಚಿಕೊಂಡು ಬಂದು ಬಲಗಡೆಯ ಅಯಸ್ಕಾಂತಕ್ಕೆ ಟಕ್ ಎಂದು ಕಚ್ಚಿಕೊಳ್ಳುತ್ತಿತ್ತು. ಬಿಡಿಸಿದರೆ ಸರ್ರನೆ ವಾಪಸ್ಸು. ಮೊದಲೆರಡು ದಿನ ನಾನೇ ಹತ್ತು ಸಲ ಎಳೆದು ಬಿಟ್ಟು ನೋಡಿ ಹಿಗ್ಗಿದೆ. ಹಜಾರದ ಕತ್ತಲೆಯಿಂದ ನೋಡಿದರೆ ಜಾಲರಿ ಇದೆಯೆಂದೇ ತಿಳಿಯುತ್ತಿರಲಿಲ್ಲ. ಕೋಣೆಯ ಕಿಟಕಿಯ ಬೆಳಕು ಅದನ್ನು ಮಾಯ ಮಾಡಿಬಿಡುತ್ತಿತ್ತು. ಅದೇ ಅದರ ಚಂದ ಎಂದುಕೊಂಡೆ.

ಅಜ್ಜಿ ಮೊದಲ ದಿನವೇ ಮೂಗು ಗುದ್ದಿಕೊಂಡಳು.

"ಇದ್ಯಾವ ಮಾಯಾಬಾಗ್ಲು ಕಣಮ್ಮ, ಐತೋ ಇಲ್ವೋ ಗೊತ್ತೇ ಆಗಕಿಲ್ವಲ್ಲ! ನಾನೇನು ಊಜಿ ನೊಣಾನಾ, ನನ್ನ ತಡ್ಯಕೆ?" ಎಂದು ಮೂಗು ಸವರಿಕೊಂಡು ನಕ್ಕಳು.

ಅಮ್ಮ ಬಾಗಿಲ ಮೇಲಿದ್ದ ಬೇವಿನ ಕುಡಿಯನ್ನು ಬಿಚ್ಚಿ, ಜಾಲರಿಯ ನಟ್ಟನಡುವೆ, ಕಣ್ಣಿನ ಎತ್ತರಕ್ಕೆ ದಾರದಲ್ಲಿ ಕಟ್ಟಿದಳು. "ನೋಡಜ್ಜೀ, ಹಸ್ರು ಕಂಡ್ರೆ ಮುಚ್ಚೈತೆ. ಕಾಣ್ದಿದ್ರೆ ತೆಗ್ದೈತೆ. ನೀನು ನುಗ್ಗು."

"ಹಂಗನ್ನು ಮತ್ತೆ. ಬೇವು ನಂಗೆ ತಿಳೀತದೆ."

ಆ ವ್ಯವಸ್ಥೆ ಚೆನ್ನಾಗಿಯೇ ನಡೆಯಿತು. ನನಗೆ ಮಾತ್ರ ಅಸಹ್ಯವಾಗತೊಡಗಿತು. ಸುರುಳಿ ಸುತ್ತಿಕೊಳ್ಳುವಾಗ ಬೇವೂ ಡಬ್ಬಿಯೊಳಕ್ಕೆ ಹೋಗಿ ಅರೆದಂತಾಗಿ, ಜಾಲರಿಗೆ ಹಸಿರು ಕಂದು ಲೋಳೆ ಮೆತ್ತಿಕೊಳ್ಳುತ್ತಿತ್ತು. ಜಾಲರಿಯ ಮೇಲೆ ಕೂತಿದ್ದ ನೊಣಗಳು ಸುರುಳಿಯಲ್ಲಿ ಸಿಕ್ಕಿ ಅಪ್ಪಚ್ಚಿಯಾಗಿ, ಮತ್ತೆ ಎಳೆದಾಗ ಚುಕ್ಕೆ ಚುಕ್ಕೆಯಾಗಿ ಹೊರಗೆ ಬರುತ್ತಿದ್ದವು. ರೆಕ್ಕೆ ಒಂದು ಕಡೆ, ಹೊಟ್ಟೆ ಒಂದು ಕಡೆ. ಕೊಂಡವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಆ ಡಬ್ಬಿಯೊಳಗೆ ಏನೇನು ಸೇರುತ್ತದೆಂದು ಬಿಚ್ಚಿ ನೋಡಿದವರಿಗಷ್ಟೇ ಗೊತ್ತು.

ಮೂರನೆಯ ವಾರದ ಒಂದು ಬೆಳಿಗ್ಗೆ ನಾನು ಜಾಲರಿ ಎಳೆದೆ. ಅರ್ಧಕ್ಕೆ ನಿಂತಿತು. ಬಲವಾಗಿ ಜಗ್ಗಿದೆ. ಬೇವಿನ ಕುಡಿಯ ಜೊತೆಗೆ ಒಂದು ಹಲ್ಲಿ ಬಂತು. ಯಾವಾಗ ಸಿಕ್ಕಿಕೊಂಡಿತ್ತೋ, ಚಪ್ಪಟೆಯಾಗಿ, ಹೊಟ್ಟೆ ಒಡೆದು, ಎಲೆಗೆ ಅಂಟಿಕೊಂಡಿತ್ತು. ಅದರ ತುಂಬ ಇರುವೆ. ಬಾಲದ ಬಳಿ ಬಿಳಿಯದೇನೋ ಮಿಸುಕಾಡುತ್ತಿತ್ತು. ಹುಳ. ಕೂಸಿನ ತಲೆಯಿಂದ ಒಂದು ಮೊಳ ದೂರದಲ್ಲಿ. ಹಳೆಯ ಕಾಗದದಲ್ಲಿ ಬೇವು, ಹಲ್ಲಿ ಎಲ್ಲವನ್ನೂ ಒಟ್ಟಿಗೆ ಹಿಡಿದು ಕಿತ್ತು, ದಾರ ಕತ್ತರಿಸಿ, ಹಿತ್ತಲಾಚೆ ಎಸೆದು ಬಂದೆ. ಜಾಲರಿಯನ್ನು ಸೋಪಿನ ನೀರಿನಲ್ಲಿ ಉಜ್ಜಿದೆ. ತೊಳೆದ ಮೇಲೆ ಅದು ಎಷ್ಟು ಸ್ವಚ್ಛವಾಗಿ ಕಂಡಿತೆಂದರೆ, ಹೊಸ ಬೇವು ಕಟ್ಟುವ ಮನಸ್ಸಾಗಲಿಲ್ಲ. ಮರೆತೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಬೇಡವೆನ್ನಿಸಿತ್ತು.

ಅಂದು ಅಜ್ಜಿ ಎಂದಿನಂತೆ ಬಂದಳು, ನೀರು ಹಾಕಿದಳು. ಕೂಸನ್ನು ಅಮ್ಮನ ಹಳೇ ಸೀರೆಯಲ್ಲಿ ಸುತ್ತಿ ಬಾಗಿಲ ಎಡಗಡೆ, ಡಬ್ಬಿಯ ಬುಡದಲ್ಲೇ ಚಾಪೆಯ ಮೇಲೆ ಮಲಗಿಸಿದಳು. ಆ ಕಡೆಗೆ ಕಿಟಕಿಯ ಗಾಳಿ ಬೀಸುತ್ತಿರಲಿಲ್ಲ. ಅಕ್ಕ ಪಕ್ಕದಲ್ಲಿ ಕೂದಲು ಹರವಿಕೊಂಡು ಕೂತಿದ್ದಳು. ಅಜ್ಜಿ ಕೆಂಡ ತರಲು ಅಡುಗೆಮನೆಗೆ ಹೋದಳು. ಹಜಾರದಲ್ಲಿ ಶಾಲೆಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದ ನಾನು ಒಂದು ನೊಣ ಒಳಗೆ ಹೋಗುವುದನ್ನು ಕಂಡು, ಅಜ್ಜಿಯ ಹಿಂದೆಯೇ ಜಾಲರಿ ಎಳೆದುಬಿಟ್ಟೆ. ಟಕ್ ಎಂದಿತು.

ಅಜ್ಜಿ ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಬಾಂಡ್ಲಿ ತಂದಳು. ಕೆಂಡದ ಮೇಲೆ ಸಣ್ಣ ಉರಿ ಆಡುತ್ತಿತ್ತು. ಅವಳು ನನ್ನ ಮುಂದೆಯೇ ಹೋದಳು. ತಲೆ ಎತ್ತಿ ಬಾಗಿಲನ್ನು ನೋಡಿದಳು, ಇದನ್ನು ನಾನು ಕಂಡಿದ್ದೇನೆ. ನೋಡಿದಳು, ಹಸಿರು ಕಾಣಲಿಲ್ಲ, ಹೆಜ್ಜೆ ಹಾಕಿದಳು. ನನ್ನ ತುಟಿಗಳ ನಡುವೆ ಹೇರ್‌ಪಿನ್ ಇತ್ತು. ಜಾಲರಿ ಇದೆ ಎಂದು ಕೂಗಬೇಕಿತ್ತು. ಪಿನ್ನು ತೆಗೆದು ಕೂಗುವುದಕ್ಕೆ ಎಷ್ಟು ಹೊತ್ತು ಬೇಕು?

ಬಾಂಡ್ಲಿಯ ಅಂಚು ಜಾಲರಿಗೆ ತಾಗಿತು. ಜಾಲರಿ ಒಳಕ್ಕೆ ಉಬ್ಬಿತು. ಕೆಂಡ ಜಾರಿ ಅದರ ಮೇಲೆ ಬಿದ್ದದ್ದೇ ಒಂದು ತೂತು, ತೂತಿನ ಸುತ್ತ ಉರಿಯ ಬಳೆ. ಆ ತಳ್ಳಾಟಕ್ಕೆ ಹಿಡಿ ಅಯಸ್ಕಾಂತದಿಂದ ಕಳಚಿತು. ಆಮೇಲೆ ಸ್ಪ್ರಿಂಗು ತನ್ನ ಕೆಲಸ ಮಾಡತೊಡಗಿತು. ಉರಿಯುತ್ತಿದ್ದ ಜಾಲರಿಯನ್ನು ಸರ್ರನೆ ಎಡಕ್ಕೆ, ಡಬ್ಬಿಯ ಕಡೆಗೆ, ಕೂಸಿನ ಮೇಲಕ್ಕೆ ಎಳೆಯತೊಡಗಿತು. ಬೆಂಕಿಯನ್ನು ಕೂಸಿನ ತನಕ ಹೊತ್ತೊಯ್ಯುವುದಕ್ಕೆಂದೇ ಮಾಡಿದ ಯಂತ್ರದ ಹಾಗೆ. ಕರಗಿದ ನೈಲಾನ್ ಉರಿಯುತ್ತಲೇ ತೊಟ್ಟು ತೊಟ್ಟಾಗಿ ಚಾಪೆಯ ಮೇಲೆ ಬೀಳುತ್ತಿತ್ತು. ಪ್ರತಿ ತೊಟ್ಟಿಗೂ ಒಂದು ಸಣ್ಣ ಸದ್ದು.

ಅಜ್ಜಿ ಬಾಂಡ್ಲಿಯನ್ನು ಹಿಂದಕ್ಕೆ, ಹಜಾರದ ಕಡೆಗೆ ಎಸೆದಳು. ಬರಿಗೈಯಿಂದ ಉರಿಯುವ ಜಾಲರಿಯನ್ನು ಮುಷ್ಟಿಯಲ್ಲಿ ಹಿಡಿದು ಬಲಕ್ಕೆ ಜಗ್ಗಿ ನಿಲ್ಲಿಸಿದಳು. ಸ್ಪ್ರಿಂಗು ಎಳೆಯುತ್ತಿತ್ತು, ಅವಳು ಬಿಡಲಿಲ್ಲ. "ಬಿಡ್ಡನಿ ತೀಯವೇ! ಕೂಸ ತಗಳೇ!" ಎಂದು ತೆಲುಗಿನಲ್ಲೂ ಕನ್ನಡದಲ್ಲೂ ಕಿರುಚಿದಳು. ಅಕ್ಕ ಕೂಸನ್ನು ಸೀರೆಯ ಸಮೇತ ಎಳೆದುಕೊಂಡು ಗೋಡೆಗೆ ಬಿದ್ದಳು. ಅಮ್ಮ ಬಚ್ಚಲಿನಿಂದ ಬಿಂದಿಗೆ ತಂದು ಎಲ್ಲದರ ಮೇಲೂ ನೀರು ಎರಚಿದಳು.

ನಾನು ಪಿನ್ನು ಕಚ್ಚಿಕೊಂಡು ನಿಂತಿದ್ದೆ. ನನ್ನ ಕಾಲ ಬಳಿ ಕೆಂಡಗಳು ಚೆಲ್ಲಿದ್ದವು. ಒಂದು ಹೆಜ್ಜೆ ಮುಂದೆ ಇಡಲಿಲ್ಲ, ಹಿಂದೆಯೂ ಇಡಲಿಲ್ಲ.

ಕೂಸಿನ ಹಿಮ್ಮಡಿಯ ಮೇಲೆ ಒಂದು ತೊಟ್ಟು ಬಿದ್ದಿತ್ತು, ಹುರುಳಿ ಕಾಳಿನಷ್ಟು. ಅಷ್ಟೇ. ಸ್ಪ್ರಿಂಗು ಗೆದ್ದಿದ್ದರೆ ಎಲ್ಲಿ ಬೀಳುತ್ತಿತ್ತು ಎಂಬುದನ್ನು ನಾನು ದಿನಕ್ಕೊಮ್ಮೆಯಾದರೂ ಲೆಕ್ಕ ಹಾಕುತ್ತೇನೆ. ಚಾಪೆಯ ಮೇಲೆ ಸುಟ್ಟ ಚುಕ್ಕೆಗಳ ಸಾಲು ತಲೆದಿಂಬಿನ ಕಡೆಗೇ ಹೋಗಿತ್ತು.

ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನೇ. ಮುಷ್ಟಿ ಬಿಚ್ಚಲು ಬರುತ್ತಿರಲಿಲ್ಲ. ನೈಲಾನ್ ಆರಿ ಗಟ್ಟಿಯಾಗಿ ಬೆರಳುಗಳನ್ನು ಒಂದಕ್ಕೊಂದು ಅಂಟಿಸಿತ್ತು. ನರ್ಸಮ್ಮ ಚಿಮಟದಿಂದ ಅದನ್ನು ಎಬ್ಬಿಸಿದಾಗ ಚರ್ಮವೂ ಜೊತೆಗೆ ಬಂತು, ಚರ್ಮದ ಮೇಲೆ ಜಾಲರಿಯ ಚೌಕಳಿ ಅಚ್ಚಾಗಿತ್ತು. ನಾನು ಹೊರಗೆ ಓಡಿ ಮೋರಿಯ ಬಳಿ ವಾಂತಿ ಮಾಡಿಕೊಂಡೆ. ಒಳಗೆ ಬಂದಾಗ ಅಜ್ಜಿ, "ನೀನ್ಯಾಕ್ ಮಗಾ ಬಂದೆ, ಸಾಲೆಗೆ ಹೊತ್ತಾಗಕಿಲ್ವಾ?" ಎಂದಳು.

ಸಂಜೆ ಅಮ್ಮನಿಗೆ ಹೇಳಿದೆ. ಬೇವು ತೆಗೆದದ್ದು ನಾನು, ಜಾಲರಿ ಎಳೆದದ್ದೂ ನಾನು. ಅಮ್ಮ ಒಳಕೋಣೆಯ ಬಾಗಿಲು ಮುಂದೆ ಮಾಡಿದಳು. ಆಮೇಲೆ, "ನಾಳೆ ನಿಮ್ಮಕ್ಕನ ಅತ್ತೆ ಬತ್ತಾರೆ. ಅವ್ರ ಮುಂದೆ ಬಾಯ್ ಬಿಡ್ಬ್ಯಾಡ. ನಿಮ್ಮಕ್ಕಂಗೂ ಈಗ್ಲೇ ಬ್ಯಾಡ, ಹಸೀ ಮೈ" ಎಂದಳು.

ಮರುದಿನ ಅಕ್ಕನ ಅತ್ತೆ ಕಲ್ಯಾಣದುರ್ಗದಿಂದ ಬಂದರು. ಕೂಸಿನ ಹಿಮ್ಮಡಿ ನೋಡಿದರು, ಅತ್ತರು. ಅಮ್ಮ ಕೊಟ್ಟ ಮಂಡಕ್ಕಿ ಉಗ್ಗಾಣಿಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ತಿಂದರು. ಎಡಗೈಯಿಂದ ನೊಣ ಓಡಿಸುತ್ತಾ, ಬಲಗೈ ಬೆರಳು ನೆಕ್ಕುತ್ತಾ, "ಕಣ್ಣಿಲ್ದ ಮುದ್ಕಿ ಕೈಗೆ ಕೆಂಡ ಕೊಟ್ರೆ ಇನ್ನೇನಮ್ಮ ಆಯ್ತದೆ? ಕೂಸು ಉಳ್ದಿದ್ದೇ ದೇವ್ರು" ಎಂದರು. ಪಕ್ಕದ ಮನೆಯವರೂ ತಲೆಯಾಡಿಸಿದರು. "ಪೊರೆ ಬಂದೋಳು ಮನೇಲಿರ್ಬೇಕಪ್ಪ." "ಮೂರ್ಕಾಸಿನ್ ಆಸೆ." ಅಮ್ಮ ನನ್ನ ಮುಖ ನೋಡಿದಳು. ನಾನು ಇನ್ನೊಂದು ಸೌಟು ಉಗ್ಗಾಣಿ ಬಡಿಸಿದೆ. ಆ ಬೀದಿಯ ನಾತವೆಲ್ಲ ನನ್ನ ಮೈಯಿಂದಲೇ ಬರುತ್ತಿದೆ ಅನ್ನಿಸಿತು. ಅಜ್ಜಿಯನ್ನು ಮತ್ತೆ ಕರೆಸಲಿಲ್ಲ.

ಜಾಲರಿಯವನು ಬಂದು ಡಬ್ಬಿ ಬಿಚ್ಚಿದ. "ನೀವು ವಸಿ ನೋಡ್ಕಂಡು ಓಡಾಡ್ಬೇಕಿತ್ತಮ್ಮ" ಎಂದ. ಡಬ್ಬಿಯನ್ನು ತಲೆಕೆಳಗೆ ಮಾಡಿ ಕೊಡವಿದ. ಒಂದು ಹಿಡಿ ನೊಣದ ಪುಡಿ, ಹಲ್ಲಿಯ ಒಂದು ಕಾಲು, ಕರಕಲು ನೈಲಾನ್ ನೆಲಕ್ಕೆ ಸುರಿದವು. ಅದನ್ನು ಕಾಲಿನಿಂದ ಸರಿಸಿ, ಸುರುಳಿ ತಿರುಗಿಸಿ ನೋಡಿ, "ಸ್ಪ್ರಿಂಗು ಚೆನ್ನಾಗೈತೆ. ಬೇರೆಯೋರಿಗೆ ಆಯ್ತದೆ" ಎಂದು ಬಗಲಿಗೆ ಸಿಕ್ಕಿಸಿಕೊಂಡು ಹೋದ.

ಒಂದೂವರೆ ವರ್ಷದ ಮೇಲೆ ಕಲ್ಯಾಣದುರ್ಗದಲ್ಲಿ, ಬೆಳುಗುಪ್ಪ ರಸ್ತೆಯಲ್ಲಿ ಭಾವ ಹೊಸ ಮನೆ ಕಟ್ಟಿಸಿದರು. ನಾನು ಹೋದ ದಿನ ಅಡುಗೆಮನೆಯ ಬಾಗಿಲಲ್ಲಿ ಒಬ್ಬ ಮಾರಾಟಗಾರ ಜಾಲರಿಯ ಮಾದರಿಯನ್ನು ಚೌಕಟ್ಟಿಗೆ ಕೂರಿಸಿ ಎಳೆದು ತೋರಿಸುತ್ತಿದ್ದ. ಅದೇ ಡಬ್ಬಿ, ಅದೇ ಹಿಡಿ. ಟಕ್, ಸರ್ರ್.

"ಬಾಮ್ಮ ಟೀಚರಮ್ಮ, ನೀನೇ ಪರೀಕ್ಸೆ ಮಾಡು" ಎಂದರು ಭಾವ. "ಇದು ಹುಳುಮನೇದಲ್ಲ, ಅಸಲಿ ಕಂಪ್ನೀದು. ಗಾಜಿನ ನಾರಂತೆ, ಬೆಂಕಿ ಹತ್ತಕಿಲ್ಲ."

ಮಾರಾಟಗಾರ ಬಾಗಿಲಿನದನ್ನು ಮುಚ್ಚಿಟ್ಟು, ಚೀಲದಿಂದ ಅದೇ ಜಾಲರಿಯ ಒಂದು ಚೂರು ತೆಗೆದು ಕೊಟ್ಟ. ಬೆಂಕಿಕಡ್ಡಿ ಗೀರಿ ಹಿಡಿದೆ. ಚೂರು ಕಪ್ಪಾಯಿತು, ಸುರುಟಿತು, ಉರಿಯಲಿಲ್ಲ, ತೊಟ್ಟಿಕ್ಕಲಿಲ್ಲ. ಭಾವ ಗೆದ್ದವರ ಹಾಗೆ ನನ್ನತ್ತ ನೋಡಿದರು. ಅಷ್ಟರಲ್ಲಿ ಕೂಸು, ಈಗ ಓಡಾಡುವ ಕೂಸು, ಒಲೆಯ ಬಳಿಯಿದ್ದ ಅಕ್ಕನನ್ನು ಕಂಡು ಹಜಾರದಿಂದ ಓಡಿಬಂದು ನೇರ ಜಾಲರಿಗೆ ನುಗ್ಗಿತು. ಜಾಲರಿ ಉಬ್ಬಿತು, ಹಿಡಿ ಕಳಚಿತು, ಕೂಸು ಅಡುಗೆಮನೆಯೊಳಕ್ಕೆ ಮುಗ್ಗರಿಸಿ ಬಿತ್ತು. ಅಕ್ಕ ಮುದ್ದೆಯ ಎಸರು ಇಳಿಸಲು ಕೈ ಚಾಚಿದ್ದಳು. ಪಾತ್ರೆ ಇನ್ನೂ ಕಟ್ಟೆಯ ಮೇಲೇ ಇತ್ತು. ಕೂಸು ಎದ್ದು ಕೂತು ನಕ್ಕಿತು, ಎಲ್ಲರೂ ನಕ್ಕರು.

"ನೋಡು, ಎಷ್ಟು ಮೆತ್ತಗೈತೆ! ಬಿದ್ರೂ ಏಟಾಗಕಿಲ್ಲ" ಎಂದರು ಭಾವ.

"ಬೇಡ ಭಾವ, ಹಾಕಿಸಬೇಡಿ" ಎಂದೆ.

"ಅಯ್ಯೋ ಯಾಕಮ್ಮ? ಉರಿಯಕಿಲ್ಲ ಅಂತ ನೀನೇ ನೋಡ್ದೆ. ನಿಮ್ಮನೇಲಿ ಆದದ್ದು ಆ ಮುದ್ಕಿ ಕಣ್ಣಿಂದ. ನಮ್ಮನೇಲಿ ಕಣ್ಣು ಕಾಣದೋರು ಯಾರವ್ರೆ?"

ಆ ಮಾತನ್ನು ಹಾಗೇ ಬಿಟ್ಟರೆ ಬಾಗಿಲಿಗೆ ಅದು ಬರುತ್ತದೆ, ದಿನಕ್ಕೆ ಐವತ್ತು ಸಲ ಒಲೆಯ ಮುಂದೆ ಟಕ್ ಎನ್ನುತ್ತದೆ. ಒಂದು ದಿನ ಪಾತ್ರೆ ಕಟ್ಟೆಯ ಮೇಲೆ ಇರುವುದಿಲ್ಲ, ಅಕ್ಕನ ಕೈಯಲ್ಲಿರುತ್ತದೆ.

"ಅಜ್ಜಿಯ ಕಣ್ಣಿಂದ ಆದದ್ದಲ್ಲ" ಎಂದೆ. "ಅವಳು ನೋಡಿಯೇ ಬಂದಳು. ಮುಚ್ಚಿದ್ದರೆ ಬೇವು ಇರುತ್ತದೆ ಎಂದು ಅಮ್ಮ ಹೇಳಿದ್ದಳು. ಬೇವನ್ನು ಕಿತ್ತೆಸೆದವಳು ನಾನು. ಅವಳ ಬೆನ್ನ ಹಿಂದೆ ಜಾಲರಿ ಎಳೆದವಳೂ ನಾನೇ. ಎಳೆದು ಇನ್ನೂ ಹತ್ತು ನಿಮಿಷ ಆಗಿರಲಿಲ್ಲ, ಅವಳು ಗುದ್ದುವಾಗ ನೋಡುತ್ತಾ ನಿಂತಿದ್ದೆ. ನನ್ನ ಎರಡು ಕಣ್ಣೂ ಚೆನ್ನಾಗಿದ್ದವು ಭಾವ."

ಮಾರಾಟಗಾರ ಮತ್ತೆ ಎಳೆದು ಹಿಡಿದಿದ್ದ ಹಿಡಿಯನ್ನು ಮೆಲ್ಲಗೆ ಬಿಟ್ಟ. ಜಾಲರಿ ಒಳಗೆ ಹೋಯಿತು. ಭಾವ ಅವನಿಗೆ, "ನೀವು ಹೊರಡಿ ಸಾರ್, ತರ್ವಾತ ಚೂದ್ದಾಂ, ಆಮ್ಯಾಲೆ ನೋಡಾನ" ಎಂದು ಕಳಿಸಿಕೊಟ್ಟರು. ಆಮೇಲೆ ಆ ಮಾತು ಎತ್ತಲಿಲ್ಲ.

ಅಕ್ಕ ಮುದ್ದೆ ತೊಳಸಿದಳು, ಕಟ್ಟಿದಳು, ಎಲ್ಲರಿಗೂ ಬಡಿಸಿದಳು. ನನ್ನ ತಟ್ಟೆಗೆ ಹಾಕುವಾಗ ಮುಖ ಬೇರೆ ಕಡೆ ಇತ್ತು. ನಾನು ಚೀಲ ತೆಗೆದುಕೊಂಡು ಹೊರಟಾಗ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊರಬಾಗಿಲ ತನಕ ಬಂದಳು.

"ಆ ಅಜ್ಜಿ ಊರಿಗೆ ಹಿಂದೂಪುರದಿಂದ ಎಷ್ಟೊತ್ತಿಗೆ ಬಸ್ಸು?"

ಹೇಳಿದೆ.

"ಭಾನುವಾರ ಬತ್ತೀನಿ. ನೀನೂ ನನ್ ಜೊತೇಲಿ ಬರ್ಬೇಕು. ಇಲ್ಲಿ ಏನ್ ಹೇಳ್ದೆ, ಅದ್ನ ಅವ್ಳ ಮುಂದೆ ಹೇಳ್ಬೇಕು. ಅವ್ಳ ಕೈ ನೋಡ್ಕಂಡು ಹೇಳ್ಬೇಕು."

"ಆಯ್ತಕ್ಕ" ಎಂದೆ.

ಕೂಸು ನನ್ನ ಕಡೆ ಎರಡೂ ಕೈ ಚಾಚಿ ಬಾಗಿತು. ಅಕ್ಕ ಕೊಡಲಿಲ್ಲ.